ಸತ್ತವರ ಮೇಲೂ ತೆರಿಗೆ

ರಷ್ಯಾದ ಚಕ್ರವರ್ತಿ ಪೀಟರ್ ದಿ ಗ್ರೇಟ್ ಅಂದ ಕೂಡಲೇ ಎಲ್ಲರೂ ಹಡಗು, ಸೈನ್ಯ, ಹೊಸ ರಾಜಧಾನಿ ಅಂತ ಶುರು ಮಾಡುತ್ತಾರೆ. ಇದಕ್ಕೆಲ್ಲ ದುಡ್ಡು ಕೊಟ್ಟವರು ಯಾರು ಅಂತ ಕೇಳುವವರು ಕಡಿಮೆ. ನನಗೆ ಅದೇ ಮುಖ್ಯ ಅನಿಸುತ್ತದೆ.

ಮೊದಲು ರಷ್ಯಾದಲ್ಲಿ ತೆರಿಗೆ ಇದ್ದದ್ದು ಮನೆ ಲೆಕ್ಕದಲ್ಲಿ. ಜನ ಏನು ಮಾಡಿದರು? ಎರಡು ಮೂರು ಕುಟುಂಬ ಸೇರಿ ಒಂದೇ ಮನೆ ಅಂತ ತೋರಿಸಿದರು. ಸ್ವೀಡನ್ ಜೊತೆ ಯುದ್ಧ ನಡೀತಾ ಇತ್ತು, ಖಜಾನೆಗೆ ಹಣ ಬೇಕಿತ್ತು, ಹಾಗಾಗಿ 1718ರಲ್ಲಿ ಪೀಟರ್ ಮನೆ ಬದಲು ತಲೆ ಲೆಕ್ಕದಲ್ಲಿ ತೆರಿಗೆ, ಅಂದರೆ ತಲೆಗಂದಾಯ, ಹಾಕೋಕೆ ಗಂಡಸರ ತಲೆ ಎಣಿಸಲು ಆಜ್ಞೆ ಹೊರಡಿಸಿದ. 1724ರಿಂದ ವಸೂಲಿ ಶುರುವಾಯಿತು: ಜಮೀನ್ದಾರನ ಕೈಕೆಳಗಿನ ರೈತನಿಗೆ ತಲೆಗೆ 74 ಕೊಪೆಕ್ (ನೂರು ಕೊಪೆಕ್ ಅಂದರೆ ಒಂದು ರೂಬಲ್), ಸರ್ಕಾರಿ ಜಮೀನಿನ ರೈತನಿಗೆ ಇನ್ನೂ 40 ಕೊಪೆಕ್ ಜಾಸ್ತಿ. ಶ್ರೀಮಂತ ಮನೆತನದವರಿಗೂ ಪಾದ್ರಿಗಳಿಗೂ ವಿನಾಯಿತಿ.

ತೊಟ್ಟಿಲಲ್ಲಿರುವ ಗಂಡುಮಗುವೂ ಒಂದು ತಲೆ, ಹಾಸಿಗೆ ಹಿಡಿದ ಮುದುಕನೂ ಒಂದು ತಲೆ. ಎಣಿಕೆ ಆದಮೇಲೆ ಯಾರಾದರೂ ಸತ್ತರೆ ಮುಂದಿನ ಎಣಿಕೆವರೆಗೂ ಪಟ್ಟಿಯಿಂದ ಹೆಸರು ಹೋಗುತ್ತಿರಲಿಲ್ಲ, ಆ ಮುಂದಿನ ಎಣಿಕೆ ನಡೆದದ್ದೋ 1740ರ ದಶಕದಲ್ಲಿ. ಅಷ್ಟು ವರ್ಷ ಸತ್ತವನ ಪಾಲನ್ನು ಬದುಕಿದ್ದವರೇ ಕಟ್ಟಬೇಕು. ಇದು ಸುಮ್ನೆ ಕಾಗದದ ಲೋಪ ಅಲ್ಲ, ಬಡವನ ಹೊಟ್ಟೆ ಮೇಲೆ ಹೊಡೆದ ಹಾಗೆ ಅಲ್ವಾ?

ಈ ದುಡ್ಡೆಲ್ಲ ಸೈನ್ಯದ ಖರ್ಚಿಗೆ. ರೆಜಿಮೆಂಟುಗಳನ್ನು ಹಳ್ಳಿಗಾಡಿನಲ್ಲೇ ಇರಿಸಿದರು, ವಸೂಲಿಗೆ ಸೈನಿಕರೇ ಬರುತ್ತಿದ್ದರು. ತಡೆಯಲಾಗದೆ ಊರು ಬಿಟ್ಟು ಓಡಿಹೋದವರು ಬಹಳ ಜನ. ಪೀಟರ್ ತೀರಿಕೊಂಡ ಮೇಲೆ, 1725ರಲ್ಲಿ, ಅವನ ಹೆಂಡತಿ ಕ್ಯಾಥರೀನ್ 74 ಅನ್ನು 70ಕ್ಕೆ ಇಳಿಸಿದಳು. ಇಳಿದದ್ದು ಬರೀ 4 ಕೊಪೆಕ್. ತಲೆಗಂದಾಯ ಮಾತ್ರ 1880ರ ದಶಕದವರೆಗೂ ಹೋಗಲಿಲ್ಲ.