ಕಾಸರಗೋಡಿನವರು ಕನ್ನಡಿಗರಾ, ಮಲಯಾಳಿಗಳಾ?

2018ರಲ್ಲಿ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ತೆರೆಗೆ ಬಂದಲ್ಲಿಂದ ಇತ್ತ ಗಡಿಯ ಕನ್ನಡದವರಿಗೆಲ್ಲ ಇದೇ ಪ್ರಶ್ನೆ. “ಸಿನಿಮಾ ನೋಡಿದ್ವಿ, ನಕ್ಕು ನಕ್ಕು ಸಾಕಾಯ್ತು. ಅಂದ ಹಾಗೆ, ನೀವು ಕನ್ನಡಿಗರಾ, ಮಲಯಾಳಿಗಳಾ?” ಬಾಯಲ್ಲಿ ಹೇಳಿ ಹೇಳಿ ಸುಸ್ತಾಗಿದೆ ಮಾರಾಯ್ರೆ. ಬರೆದೇ ಇಡುತ್ತೇನೆ.

ಮಾತು ಕನ್ನಡ, ವೋಟು ಕೇರಳದಲ್ಲಿ, ದೇಶ ಭಾರತ. ಮೂರರಲ್ಲಿ ಒಂದನ್ನು ಬಿಟ್ಟುಕೊಡಿ ಎಂದು ಸಂವಿಧಾನ ಎಲ್ಲೂ ಕೇಳಿಲ್ಲ. ಕೇಳುತ್ತಿರುವುದು ನೀವು.

ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದರ ನಡುವಿನ ಆ ಅಲ್ಪವಿರಾಮಕ್ಕೆ. ಆಚೆಗೆ ನಿಲ್ಲು, ಇಲ್ಲ ಈಚೆಗೆ ನಿಲ್ಲು ಎಂಬಂತೆ. ಅದರ ಬೆನ್ನಿಗೇ “ಕೇರಳದವರಾದ್ರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!” ಎಂಬ ಶಹಬ್ಬಾಸ್‌ಗಿರಿ. ಯಕ್ಷಗಾನದ ಕವಿ ಪಾರ್ತಿಸುಬ್ಬ ಇದೇ ಕಾಸರಗೋಡಿನ ಕುಂಬಳೆಯವನು. ರಾಷ್ಟ್ರಕವಿ ಗೋವಿಂದ ಪೈಗಳು ಇಲ್ಲಿನದೇ ಮಂಜೇಶ್ವರದವರು. ಅವರ ಊರಿನ ಮಕ್ಕಳಿಗೆ ಕನ್ನಡ ಬರುತ್ತದೆ ಎಂದು ಬೆರಗಾಗುವುದು ಯಾವ ನ್ಯಾಯ?

1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆ ದಿನ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರಿಗೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಬೇಕು ಎಂದು 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗದ ವರದಿ ಹೇಳಿತು, ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಇದೇ ಕೂಗಿನಲ್ಲಿ ಬದುಕು ಸವೆಸಿದರು. ಇಷ್ಟು ಸಾಕು, ಇದನ್ನು ಎಲ್ಲರೂ ಬರೆದಿದ್ದಾರೆ.

ಸಿನಿಮಾಕ್ಕೆ ಬರೋಣ. ಆ ಉದ್ದನೆಯ ಹೆಸರನ್ನೇ ಮೊದಲು ನೋಡಿ. ಅದು ಶಾಲೆಯ ಬೋರ್ಡು. ಈ ಕಡೆ ಬಸ್‌ಸ್ಟ್ಯಾಂಡು, ಬೆಂಚು, ಗೇಟು, ಗೋಡೆ ಗಡಿಯಾರ, ಯಾವುದರ ಮೇಲೂ ‘ಕೊಡುಗೆ’ ಎಂದು ಬರೆದು ಕೊಟ್ಟವರ ಹೆಸರಿರುತ್ತದೆ. ಒಂದು ಮಾತು ಮಾತ್ರ ಹೊಂದುವುದಿಲ್ಲ. ‘ಹಿರಿಯ ಪ್ರಾಥಮಿಕ’ ಕರ್ನಾಟಕದ ಲೆಕ್ಕ. ಕೇರಳದಲ್ಲಿ ಒಂದರಿಂದ ನಾಲ್ಕು ಎಲ್.ಪಿ. (ಲೋವರ್ ಪ್ರೈಮರಿ), ಐದರಿಂದ ಏಳು ಯು.ಪಿ. (ಅಪ್ಪರ್ ಪ್ರೈಮರಿ). ಸರ್ಕಾರಿ ಶಾಲೆಯ ಬೋರ್ಡಿನಲ್ಲಿ ಜಿ.ಯು.ಪಿ.ಎಸ್. ಎಂದಿರುತ್ತದೆ. ಬೆಂಗಳೂರಿನ ನೋಡುಗರಿಗೆ ತಿಳಿಯಲಿ ಎಂದು ಹೆಸರು ಬದಲಾಗಿರಬೇಕು. ತಪ್ಪೆನ್ನುವುದಿಲ್ಲ, ಆದರೆ ಗಮನಿಸಬೇಕಾದದ್ದು.

ಇನ್ನು ನಗು. ಕನ್ನಡ ಶಾಲೆಗೆ ಮಲಯಾಳ ಮಾತ್ರ ಬಲ್ಲ ಗಣಿತದ ಮಾಷ್ಟ್ರು ಬರುತ್ತಾರೆ, ಚಿತ್ರಮಂದಿರ ಬಿದ್ದು ಬಿದ್ದು ನಗುತ್ತದೆ. ನಕ್ಕವರು ಒಮ್ಮೆ ಆ ಮಗುವಿನ ಬೆಂಚಿನಲ್ಲಿ ಕೂತು ನೋಡಿ. ಕನ್ನಡದ ತೊಂಬತ್ತು ಮಲಯಾಳದಲ್ಲಿ ‘ತೊಣ್ಣೂರ್’. ಕೊನೆಯಲ್ಲಿ ‘ನೂರ್’ ಕೇಳಿದ ಮಗು ಇದು ನೂರರ ಸ್ಥಾನ ಎಂದುಕೊಂಡು ಒಂಬೈನೂರು ಬರೆಯುತ್ತದೆ. ನಿಜವಾದ ಒಂಬೈನೂರಕ್ಕೆ ಮಲಯಾಳದಲ್ಲಿ ‘ತೊಳ್ಳಾಯಿರಂ’. ‘ಆಯಿರಂ’ ಎಂದರೆ ಸಾವಿರ ಎಂದು ಅಂಗಡಿಯಲ್ಲಿ ಕೇಳಿದ್ದ ಮಗು ಒಂಬತ್ತು ಸಾವಿರ ಬರೆಯುತ್ತದೆ. ಎರಡು ಸಲವೂ ಒಂದೊಂದು ಸೊನ್ನೆ ಹೆಚ್ಚು. ಭಾಗಾಕಾರಕ್ಕೆ ಅಲ್ಲಿ ‘ಹರಣಂ’; ಯಕ್ಷಗಾನ ನೋಡಿ ಬೆಳೆದ ಮಗುವಿಗೆ ಹರಣ ಎಂದರೆ ಸೀತೆಯನ್ನು ಹೊತ್ತೊಯ್ದದ್ದು. ನಗು ಬರುತ್ತದೆ, ಬರಲಿ. ಆದರೆ ಆ ಮಗು ದಡ್ಡ ಅಲ್ಲ. ಕೇಳಿಸಿದ್ದಕ್ಕೆ ಸರಿಯಾಗಿಯೇ ಬರೆದಿದೆ.

ಈ ಸಿನಿಮಾ ನನಗೆ ಇಷ್ಟವಾದದ್ದು ಇದಕ್ಕೇ. ಅಸ್ಮಿತೆ ಎಂಬ ದೊಡ್ಡ ಮಾತನ್ನು ತಂದು ಕೂಡುವ ಕಳೆಯುವ ಲೆಕ್ಕದ ಎದುರು ಕೂರಿಸಿತು. ಅತ್ಯುತ್ತಮ ಮಕ್ಕಳ ಚಿತ್ರ ಎಂದು ಬಂದ ರಾಷ್ಟ್ರಪ್ರಶಸ್ತಿ ಯೋಗ್ಯ ಜಾಗಕ್ಕೇ ಬಂತು. ಕನ್ನಡ ಶಾಲೆ ಮುಚ್ಚಿಸುವ ಮಲಯಾಳಿ ಅಧಿಕಾರಿಯನ್ನು ಮಾತ್ರ ಬರೀ ಖಳನನ್ನಾಗಿ ಮಾಡಿದ್ದು ಹಿಡಿಸಲಿಲ್ಲ. ಅನಂತ್ ನಾಗ್ ಅವರ ಕೋರ್ಟಿನ ವಾದ ಕೇಳಲು ಸೊಗಸು, ಆದರೆ ಊರಿನ ಕಷ್ಟ ಬಗೆಹರಿಯುವುದು ಭಾಷಣದಿಂದಲ್ಲ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇದೆ: ಅಲ್ಲಿ ಗಣಿತದ ಮಾಷ್ಟ್ರಿಗೆ ಕನ್ನಡ ಬರುತ್ತದಾ? ಸಂವಿಧಾನದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ. ‘ಪ್ರಯತ್ನಿಸಬೇಕು’, ಅಷ್ಟೇ. ಹೈಸ್ಕೂಲು ಅದರೊಳಗೆ ಬರುವುದೇ ಇಲ್ಲ. ನೇಮಕಾತಿ ಮಾಡುವ ಕೇರಳ ಲೋಕಸೇವಾ ಆಯೋಗ, ಅಂದರೆ ಪಿಎಸ್‌ಸಿಯಲ್ಲಿ ‘ಗಣಿತ, ಕನ್ನಡ ಮಾಧ್ಯಮ’ ಎಂದು ಹುದ್ದೆ ಪ್ರತ್ಯೇಕವಾಗಿಯೇ ಇದೆ. ಎಡವಟ್ಟಾಗುವುದು ಅಭ್ಯರ್ಥಿಯ ಕನ್ನಡವನ್ನು ಕಾಗದದಲ್ಲಿ ಅಳೆದಾಗ. ಪ್ರಮಾಣಪತ್ರದಲ್ಲಿ ಕನ್ನಡ ಇರುತ್ತದೆ, ಭಿನ್ನರಾಶಿ ವಿವರಿಸಲು ಬೇಕಾದ ಕನ್ನಡ ಇರುವುದಿಲ್ಲ. ಹಾಗಾಗಿ ನೇಮಕಾತಿಯ ಸುದ್ದಿ ಬಂದರೆ ಮೊದಲು ಹುದ್ದೆ ಯಾವ ಮಾಧ್ಯಮದ್ದು ಎಂದು ಆದೇಶದಲ್ಲಿ ಓದಿ. ಕನ್ನಡ ಮಾಧ್ಯಮದ್ದಾಗಿದ್ದರೆ ಪಿಟಿಎ (ಹೆತ್ತವರ ಮತ್ತು ಅಧ್ಯಾಪಕರ ಸಂಘ) ಠರಾವು ಮಾಡಿ ಶಿಕ್ಷಣ ಇಲಾಖೆಯ ಅಧಿಕಾರಿಗಳಾದ ಎಇಒ, ಡಿಡಿಇಗೆ ಬರಹದಲ್ಲಿ ಕೊಡಬೇಕು. ಗೇಟಿನ ಎದುರಿನ ಘೋಷಣೆ ಆಮೇಲೆ.

ಅದಕ್ಕಿಂತ ಮೊದಲಿನದು ಇನ್ನೊಂದಿದೆ. ಕೇರಳದಲ್ಲಿ ಆ ವರ್ಷ ಶಾಲೆಗೆ ಎಷ್ಟು ಅಧ್ಯಾಪಕರು ಎಂದು ತೀರ್ಮಾನವಾಗುವುದು ಶಾಲೆ ತೆರೆದು ಆರನೇ ಕೆಲಸದ ದಿನದ ತಲೆ ಎಣಿಕೆಯಲ್ಲಿ. ಒಂದು ಮಗು ಕಡಿಮೆಯಾದರೂ ಒಂದು ಡಿವಿಜನ್, ಅಂದರೆ ತರಗತಿಯ ಒಂದು ವಿಭಾಗ, ಹೋಗಬಹುದು, ಅದರ ಜೊತೆ ಕನ್ನಡದ ಒಂದು ಹುದ್ದೆಯೂ. ಜೂನ್ ಮಳೆ ಎಂದು, ನೆಂಟರ ಮನೆಯ ಪೂಜೆ ಎಂದು ಮಗುವನ್ನು ಆ ದಿನ ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಕೊಡೆ ಹಿಡಿದು ನೀವೇ ಕರಕೊಂಡು ಹೋಗಿ ಬೆಂಚಿನಲ್ಲಿ ಕೂರಿಸಿ ಬನ್ನಿ.