ಜರಾಯಿನ್‌ನ ಹೂಜಿ ಗಿಡ ನೋಡಹೊರಟವರಿಗೆ

1874ರಲ್ಲಿ ನ್ಯೂಯಾರ್ಕ್‌ನ ಪತ್ರಿಕೆಯೊಂದು ಮಡಗಾಸ್ಕರ್‌ನಲ್ಲಿ ನರಭಕ್ಷಕ ಮರವಿದೆಯೆಂಬ ಕಟ್ಟುಕಥೆಯನ್ನು ಸುದ್ದಿಯೆಂದೇ ಅಚ್ಚುಹಾಕಿತ್ತು. ಅಂಥ ಕಥೆಗಳ ಗುಂಗಿನಲ್ಲೇ ಮೇಘಾಲಯಕ್ಕೆ ಹೋದ ನಾನು, ಮೊದಲ ಒಂದು ಗಂಟೆಯನ್ನು ಮರಗಳತ್ತ ಕತ್ತೆತ್ತಿ ನೋಡುವುದರಲ್ಲೇ ಕಳೆದೆ. ನಾನು ಹುಡುಕುತ್ತಿದ್ದ, ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಹೂಜಿ ಗಿಡವಿದ್ದದ್ದು ನನ್ನ ಮೊಣಕಾಲಿನ ಪಕ್ಕದ ಪೊದೆಯಲ್ಲಿ.

ಶಿಲ್ಲಾಂಗ್‌ನಿಂದ ಜೋವಾಯ್‌ವರೆಗೆ ಸುಮೋಗಳು ಸಿಗುತ್ತವೆ. ಅಲ್ಲಿಂದ ಡಾವ್ಕಿಯ ಕಡೆಗಿನ ರಸ್ತೆಯಲ್ಲಿ ಜರಾಯಿನ್ ಬರುತ್ತದೆ. ಭಾನುವಾರ ಹೊರಡಬೇಡಿ, ಅಂದು ಅಂಗಡಿ, ವಾಹನ ಎರಡೂ ವಿರಳ. ಇಲ್ಲಿನ ಬಹುಪಾಲು ನೆಲ ಊರಿನದೋ ಕುಲದ್ದೋ ಆಗಿರುವುದರಿಂದ, ದಾರಿ ಬಿಟ್ಟು ಇಳಿಯುವ ಮುನ್ನ ಸ್ಥಳೀಯರನ್ನು ಕೇಳಿಕೊಳ್ಳುವುದು ಮರ್ಯಾದೆ.

ಭಾರತದಲ್ಲಿ ಸಹಜವಾಗಿ ಬೆಳೆಯುವ ಏಕೈಕ ನೆಪೆಂಥಿಸ್ (ಹೂಜಿ ಗಿಡಗಳ ಒಂದು ಜಾತಿ) ಪ್ರಭೇದವಾದ ಈ ಗಿಡವನ್ನು ಮೇಘಾಲಯದ ಗಾರೋ ಜನರು ‘ಮೆಮಾಂಗ್ ಕೊಕ್ಸಿ’, ಅಂದರೆ ದೆವ್ವದ ಬುಟ್ಟಿ, ಎನ್ನುತ್ತಾರೆ. ಬುಟ್ಟಿ ಹೂವಲ್ಲ, ಎಲೆಯ ನಡುನರವೇ ತುದಿಯಾಚೆ ಬಳ್ಳಿಯಾಗಿ ಚಾಚಿ, ಕೊನೆಯಲ್ಲಿ ಉಬ್ಬಿ ಹೂಜಿಯಾಗುತ್ತದೆ. ಸಾರಜನಕ ಕಡಿಮೆಯಿರುವ ನೆಲದಲ್ಲಿ ಬದುಕುವ ಗಿಡ ಆ ಕೊರತೆಯನ್ನು ಕೀಟಗಳಿಂದ ತುಂಬಿಕೊಳ್ಳುತ್ತದೆ. ಮುಚ್ಚಳ ಪಟ್ಟನೆ ಮುಚ್ಚಿಕೊಳ್ಳುವುದೆಂದು ಕಾಯುತ್ತ ಕೂರಬೇಡಿ, ಒಮ್ಮೆ ತೆರೆದ ಮೇಲೆ ಅದು ಅಲುಗಾಡುವುದೇ ಇಲ್ಲ.

ಬೇಟೆಯನ್ನು ನೋಡಬೇಕೆಂದರೆ ಮಳೆಗಾಗಿ ಕಾಯಬೇಕು. ಬಿಸಿಲಿನಲ್ಲಿ ಇರುವೆಯೊಂದು ಹೂಜಿಯ ಅಂಚಿನ ಮೇಲೆ ಜೇನು ನೆಕ್ಕುತ್ತ ಮೂರು ಸುತ್ತು ನಿಶ್ಚಿಂತೆಯಿಂದ ಬಂದದ್ದನ್ನು ಕಂಡು, ಇಷ್ಟು ದೂರ ಬಂದದ್ದು ದಂಡವಾಯಿತೆಂದುಕೊಂಡಿದ್ದೆ. ತುಂತುರು ನಿಂತ ಹತ್ತು ನಿಮಿಷದೊಳಗೆ ಅದೇ ಅಂಚಿನಲ್ಲಿ ಇನ್ನೊಂದು ಇರುವೆ ಕಾಲಿಡುತ್ತಲೇ ಜಾರಿ ಒಳಗೆ ಬಿತ್ತು. ಅಂಚಿನ ಸಣ್ಣ ಏಣುಗಳ ಮೇಲೆ ನೀರಿನ ತೆಳುಪೊರೆ ಹರಡಿದಾಗ ಕೀಟದ ಪಾದಕ್ಕೆ ಹಿಡಿತ ಸಿಗುವುದಿಲ್ಲ. ಕೆಳಗಿರುವ ಜೀರ್ಣರಸ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಆದ್ದರಿಂದ ಕೊಡೆಯೊಂದಿಗೆ ಭೂತಗನ್ನಡಿಯನ್ನೂ ಒಯ್ಯಿರಿ, ಇಂಬಳಗಳಿಗೆ ಉದ್ದ ಕಾಲುಚೀಲ ಹಾಕಿಕೊಳ್ಳಿ.

ಅತಿನೇರಳೆ ಟಾರ್ಚ್ ಇದ್ದರೆ ಅದೂ ಇರಲಿ: ಹೂಜಿಯ ಅಂಚು ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆಂದು ಕೇರಳದ ಸಸ್ಯವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ್ದಾರೆ. ಅಕ್ಟೋಬರ್‌ನಲ್ಲಿ ಐದು ಗಂಟೆಗೆಲ್ಲ ಕತ್ತಲಾಗುವುದರಿಂದ ಇದಕ್ಕಾಗಿ ರಾತ್ರಿ ಉಳಿಯಬೇಕಿಲ್ಲ, ಆದರೆ ಕಾಯುವಂತೆ ಚಾಲಕನಿಗೆ ಬೆಳಿಗ್ಗೆಯೇ ಹೇಳಿರಬೇಕು. ಹೂಜಿಯನ್ನು ಬಗ್ಗಿಸಿ ರಸ ಚೆಲ್ಲಬೇಡಿ. ಗಿಡ ಕೀಳುವುದಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ದಾರಿಬದಿಯಲ್ಲಿ ಯಾರಾದರೂ ಸಸಿ ಮಾರಲು ಬಂದರೂ ಕೊಳ್ಳಬೇಡಿ.