ಫೆಬ್ರವರಿಯ ಫೂಟಿ: ಚೆಂಡು ಕೈಯಲ್ಲಿ ಇಲ್ಲದಾಗ ಆಟಗಾರನನ್ನು ನೋಡಿ

ಮೆಲ್ಬರ್ನ್‌ನಲ್ಲಿ ಫೆಬ್ರವರಿ ಮುಗಿಯುತ್ತ ಬಂದಂತೆ ಕ್ರಿಕೆಟ್ಟಿನ ಮಾತು ಹಿಂದೆ ಸರಿದು ಎಲ್ಲರ ಬಾಯಲ್ಲೂ ಫೂಟಿಯ, ಅಂದರೆ ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಆಸ್ಟ್ರೇಲಿಯನ್ ಫುಟ್‌ಬಾಲಿನ, ಮಾತು ಶುರುವಾಗುತ್ತದೆ. ಮಾರ್ಚ್‌ನಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಆರಂಭವಾಗುವ ಮೊದಲು ಹದಿನೆಂಟು ತಂಡಗಳೂ ಪರಸ್ಪರ ಅಭ್ಯಾಸ ಪಂದ್ಯಗಳನ್ನು ಆಡುತ್ತವೆ. ಇವುಗಳ ಫಲಿತಾಂಶ ಅಂಕಪಟ್ಟಿಗೆ ಸೇರುವುದಿಲ್ಲ. ಹಲವು ಪಂದ್ಯಗಳು ನಡೆಯುವುದೂ ಊರಂಚಿನ ಸಣ್ಣ ಮೈದಾನಗಳಲ್ಲಿ. ಆದರೂ ಐದಾರು ತಿಂಗಳು ತಮ್ಮ ತಂಡದ ಆಟವನ್ನೇ ಕಾಣದೆ ಕಳೆದ ಅಭಿಮಾನಿಗಳು ಬೇಲಿಯ ಪಕ್ಕ ಒತ್ತೊತ್ತಾಗಿ ನಿಂತು, ಯಾರು ಲಯದಲ್ಲಿದ್ದಾರೆ, ಯಾರು ಮೈಭಾರದಿಂದ ಏದುಸಿರು ಬಿಡುತ್ತಿದ್ದಾರೆ, ಹೊಸ ಹುಡುಗರಲ್ಲಿ ಯಾರಿಗೆ ಮೊದಲ ಪಂದ್ಯದಲ್ಲೇ ಸ್ಥಾನ ಸಿಗಬಹುದು ಎಂದು ಅಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಫುಟ್‌ಸ್ಕ್ರೇಯ ವೆಸ್ಟರ್ನ್ ಬುಲ್‌ಡಾಗ್ಸ್ ತಂಡವನ್ನು ಮನಸಾರೆ ಬೆಂಬಲಿಸುವ ನಾನೂ ಅವರಲ್ಲಿ ಒಬ್ಬ. ಇಂಥ ಪಂದ್ಯದಲ್ಲಿ ಆಟಗಾರನ ಲಯವನ್ನು ಅಳೆಯಲು ನಾವು ಸಾಮಾನ್ಯವಾಗಿ ನೋಡುವ ಸಂಗತಿಗಳು ಬೇರೆ, ನಿಜವಾಗಿ ನೋಡಬೇಕಾದವು ಬೇರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಗೆಲುವು ಸೋಲಿನ ಲೆಕ್ಕವನ್ನು ಮೊದಲು ಬದಿಗಿಡೋಣ. 1988ರಿಂದ 2013ರವರೆಗೆ ಲೀಗ್ ಋತುವಿಗೂ ಮುನ್ನ ಪ್ರತ್ಯೇಕವಾದ ಕಪ್ ಒಂದನ್ನೇ ನಡೆಸುತ್ತಿತ್ತು. 2005ರಲ್ಲಿ ಆ ಕಪ್ಪಿನ ಫೈನಲ್‌ನಲ್ಲಿ ವೆಸ್ಟ್ ಕೋಸ್ಟ್ ತಂಡವನ್ನು ಸೋಲಿಸಿ ಗೆದ್ದ ಕಾರ್ಲ್‌ಟನ್, ಅದೇ ವರ್ಷದ ಲೀಗಿನಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಕುಸಿಯಿತು. ಸೋತ ವೆಸ್ಟ್ ಕೋಸ್ಟ್ ಸೆಪ್ಟೆಂಬರ್‌ನ ಗ್ರ್ಯಾಂಡ್ ಫೈನಲ್ ತಲುಪಿ, ಸಿಡ್ನಿಯ ಎದುರು ಕೇವಲ 4 ಅಂಕಗಳಿಂದ ಪ್ರಶಸ್ತಿ ಕಳೆದುಕೊಂಡಿತು. ಇದಕ್ಕೆ ತದ್ವಿರುದ್ಧವಾಗಿ 2000ರಲ್ಲಿ ಎಸೆಂಡನ್ ಮತ್ತು 2009ರಲ್ಲಿ ಜೀಲಾಂಗ್ ತಂಡಗಳು ಆ ಕಪ್ಪನ್ನೂ ಗೆದ್ದು ಲೀಗ್ ಪ್ರಶಸ್ತಿಯನ್ನೂ ಗೆದ್ದವು. ಅಭ್ಯಾಸ ಪಂದ್ಯದ ಫಲಿತಾಂಶವನ್ನು ಹಿಡಿದು ಸಂಭ್ರಮಿಸುವವರಿಗೂ ಹಳಹಳಿಸುವವರಿಗೂ ಇತಿಹಾಸ ಒಂದೇ ಸಮನೆ ಸಾಕ್ಷಿ ಒದಗಿಸುತ್ತದೆ. ಹಾಗಾಗಿ ಆ ಸಾಕ್ಷಿಯಿಂದ ಯಾರಿಗೂ ಪ್ರಯೋಜನವಿಲ್ಲ.

ತಂಡದ ಫಲಿತಾಂಶವನ್ನು ಹಗುರವಾಗಿ ತೆಗೆದುಕೊಳ್ಳುವವರು ಕೂಡ ಆಟಗಾರರ ಅಂಕಿ ಅಂಶಗಳನ್ನು ಮಾತ್ರ ಗಟ್ಟಿಯಾಗಿ ನಂಬುತ್ತಾರೆ. ಈ ಆಟದಲ್ಲಿ ಕಾಲಿನಿಂದ ಒದ್ದ ಕಿಕ್ ಮತ್ತು ಮುಷ್ಟಿಯಿಂದ ಗುದ್ದಿ ಕೊಟ್ಟ ಹ್ಯಾಂಡ್‌ಬಾಲ್ ಎರಡನ್ನೂ ಕೂಡಿಸಿ ಡಿಸ್ಪೋಸಲ್ ಎಂದು ಲೆಕ್ಕ ಹಾಕುತ್ತಾರೆ. ಇಂಥದ್ದೇ ಒಂದು ಅಭ್ಯಾಸ ಪಂದ್ಯದ ದಿನ ನನ್ನ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಈ ಲೆಕ್ಕವನ್ನೇ ನೋಡುತ್ತಿದ್ದ ಭಾಮೈದ, "ಭಾವ, ಇವನದು ಆಗಲೇ 28 ಡಿಸ್ಪೋಸಲ್ ಆಯ್ತು ನೋಡಿ, ಈ ವರ್ಷ ಇವನನ್ನು ಹಿಡಿಯೋರೇ ಇಲ್ಲ," ಎಂದ. "ಅದರಲ್ಲಿ ಹಿಂದಕ್ಕೆ ಕೊಟ್ಟಿದ್ದು ಎಷ್ಟು, ಯಾರಾದರೂ ಮೈಮೇಲೆ ಬಿದ್ದಾಗ ಕೊಟ್ಟಿದ್ದು ಎಷ್ಟು, ಅದನ್ನು ಹೇಳಪ್ಪ," ಎಂದೆ. ಹೀಗೆ ಕೇಳಿದ್ದಕ್ಕೆ ಕಾರಣವಿದೆ. ಒದ್ದ ಚೆಂಡು 15 ಮೀಟರ್ ಸಾಗಿದ ಮೇಲೆ ಅದನ್ನು ನೆಲಕ್ಕೆ ಬೀಳಗೊಡದೆ ಹಿಡಿದರೆ ಅದು ಮಾರ್ಕ್. ಮಾರ್ಕ್ ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ನಿಧಾನವಾಗಿ ಒದೆಯುವ ಅವಕಾಶ ಸಿಗುತ್ತದೆ. ಎದುರಾಳಿಗಳು ಬೆನ್ನಟ್ಟಿ ಬರುವ ಹುಮ್ಮಸ್ಸಿನಲ್ಲಿ ಇಲ್ಲದ ಫೆಬ್ರವರಿಯ ಮಧ್ಯಾಹ್ನದಲ್ಲಿ, ಹಿಂಭಾಗದ ಆಟಗಾರರು ತಮ್ಮತಮ್ಮೊಳಗೇ ಚೆಂಡನ್ನು ಹೀಗೆ ಆಡಿಸಿಕೊಂಡು ಸುಲಭವಾಗಿ ಸಂಖ್ಯೆ ಬೆಳೆಸಿಕೊಳ್ಳಬಹುದು. ಆ ಸಂಖ್ಯೆ ಸುಳ್ಳಲ್ಲ, ಆದರೆ ಜುಲೈಯ ಮಳೆಯಲ್ಲಿ ನೆನೆದು ಸೋಪಿನಂತೆ ಜಾರುವ ಚೆಂಡಿನ ಜೊತೆ, ಮೂವರು ಮೈಮೇಲೆ ಎರಗುವಾಗ, ಅದೇ ಆಟಗಾರ ಏನು ಮಾಡುತ್ತಾನೆ ಎಂಬುದನ್ನು ಅದು ತಿಳಿಸುವುದಿಲ್ಲ.

ನನ್ನ ಕಣ್ಣು ಹೋಗುವುದು ಬೇರೆಡೆಗೆ. ಆ ದಿನ ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದಾದ ಮೂರನೆಯ ಕ್ವಾರ್ಟರ್‌ನಲ್ಲಿ ಹಿಂಭಾಗದ ಹಾಫ್ ಬ್ಯಾಕ್ ಸ್ಥಾನದಲ್ಲಿದ್ದ ಹುಡುಗನೊಬ್ಬ ಮೈದಾನದ ನಡುವಿಗೆ ಒದ್ದ ಚೆಂಡು ನೇರವಾಗಿ ಎದುರಾಳಿಯ ಕೈ ಸೇರಿತು. ನನ್ನ ಸುತ್ತ ನಿಂತಿದ್ದವರು ನಿಟ್ಟುಸಿರು ಬಿಟ್ಟು, ಅವನ ಹೆಸರನ್ನು ಮನಸ್ಸಿನ ಪಟ್ಟಿಯಿಂದ ಹೊಡೆದು ಹಾಕಿದಂತೆ ಕಂಡಿತು. ಹುಡುಗ ಮಾತ್ರ ತಲೆಯ ಮೇಲೆ ಕೈ ಇಟ್ಟುಕೊಳ್ಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಚೆಂಡು ಕೈತಪ್ಪಿದ ಮರುಕ್ಷಣವೇ ತಿರುಗಿ ತನ್ನ ಗೋಲಿನತ್ತ ಓಡತೊಡಗಿದ. ಎದುರಾಳಿಗಳು ಎರಡು ಹ್ಯಾಂಡ್‌ಬಾಲ್, ಒಂದು ಉದ್ದ ಕಿಕ್‌ನಲ್ಲಿ ಚೆಂಡನ್ನು ಗೋಲಿನ ಬಾಯಿಗೆ ತಂದಾಗ, ಅಲ್ಲಿ ಒಬ್ಬನೇ ನಿಂತು ಮಾರ್ಕ್‌ಗೆ ಕೈ ಚಾಚಿದ್ದ ಫಾರ್ವರ್ಡ್‌ನ ಬೆನ್ನ ಹಿಂದಿನಿಂದ ನೆಗೆದು, ಬೆರಳ ತುದಿಯಷ್ಟೇ ತಾಗುವಂತೆ ಚೆಂಡನ್ನು ಗುದ್ದಿ ಆಚೆಗೆ ತಳ್ಳಿದ. ಚೆಂಡು ಪಕ್ಕದ ಕಂಬಗಳ ನಡುವೆ ಹಾದು ಎದುರಾಳಿಗೆ 6 ಅಂಕಗಳ ಗೋಲಿನ ಬದಲು ಒಂದೇ ಅಂಕದ ಬಿಹೈಂಡ್ ಸಿಕ್ಕಿತು. ಆ ಓಟವನ್ನು ಆಟಗಾರರು ಬೆನ್ನಿಗೆ ಕಟ್ಟಿಕೊಳ್ಳುವ ಜಿಪಿಎಸ್ ಸಾಧನ ಮೀಟರುಗಳಲ್ಲಿ ದಾಖಲಿಸಿರಬಹುದು, ತರಬೇತುದಾರರು ಖಂಡಿತವಾಗಿ ಗಮನಿಸಿರುತ್ತಾರೆ. ಅಭಿಮಾನಿ ನೋಡುವ ಪಟ್ಟಿಯಲ್ಲಿ ಮಾತ್ರ ಅವನ ಹೆಸರಿನ ಮುಂದೆ ತಪ್ಪಿದ ಕಿಕ್ಕೇ ಎದ್ದು ಕಾಣುತ್ತದೆ. ನನ್ನ ಲೆಕ್ಕದಲ್ಲಿ ಆ ಹುಡುಗ ಲಯದಲ್ಲಿದ್ದಾನೆ. ಕಿಕ್ಕಿನ ನಿಖರತೆ ನಾಲ್ಕಾರು ಪಂದ್ಯ ಆಡಿದ ಮೇಲೆ ಕುದುರುವಂಥದ್ದು. ದಣಿದ ಕಾಲುಗಳಿಂದ ಹಿಂದಕ್ಕೆ ಓಡುವ ಶಕ್ತಿ ಮತ್ತು ಮನಸ್ಸು ಬೇಸಿಗೆಯ ತಾಲೀಮಿನಿಂದಲೇ ಬಂದಿರಬೇಕು.

ಇನ್ನೊಂದು ಸಂಗತಿಯನ್ನು ಅಭಿಮಾನಿಗಳು ಸುಲಭವಾಗಿ ಮರೆಯುತ್ತಾರೆ. ಅಭ್ಯಾಸ ಪಂದ್ಯ ತರಬೇತುದಾರನ ಪ್ರಯೋಗಶಾಲೆ. ಋತುವಿನ ಪಂದ್ಯದಲ್ಲಿ ಆಟಗಾರರ ಅದಲುಬದಲಿಗೆ 75ರ ಮಿತಿ ಇರುತ್ತದೆ. ಈ ಪಂದ್ಯಗಳಲ್ಲಿ ಬೆಂಚಿನ ಮೇಲೆ ಹೆಚ್ಚು ಜನರನ್ನು ಇಟ್ಟುಕೊಂಡು, ಹಿರಿಯರನ್ನು ಅರ್ಧ ಆಟದ ನಂತರ ಕೂರಿಸಿ, ಹೊಸಬರಿಗೆ ಜಾಗ ಮಾಡಿಕೊಡುತ್ತಾರೆ. ವರ್ಷಗಟ್ಟಲೆ ಮುಂಭಾಗದಲ್ಲಿ ಆಡಿದವನನ್ನು ಹಿಂಭಾಗಕ್ಕೆ ಕಳಿಸಿ ನೋಡುತ್ತಾರೆ. ಅವನು ಎರಡು ಸಲ ತಪ್ಪು ಜಾಗದಲ್ಲಿ ನಿಂತ ಎಂದು ಬೈಯುವುದಕ್ಕಿಂತ, ಮೂರನೆಯ ಸಲ ಸರಿಯಾದ ಜಾಗಕ್ಕೆ ಬಂದನೇ ಎಂದು ನೋಡುವುದು ನ್ಯಾಯ. 2026ರಿಂದ ಅಂಪೈರ್ ನಡುವೃತ್ತದಲ್ಲಿ ಚೆಂಡನ್ನು ನೆಲಕ್ಕೆ ಪುಟಿಸುವ ಪದ್ಧತಿ ನಿಂತು, ಮೇಲಕ್ಕೆ ಎಸೆಯುವ ಪದ್ಧತಿ ಬಂದಿರುವುದರಿಂದ, ಆ ಚೆಂಡಿಗಾಗಿ ನೆಗೆದು ಸೆಣಸುವ ಎತ್ತರದ ರಕ್‌ಮನ್‌ಗಳ ವಿಷಯದಲ್ಲಂತೂ ಈ ತಾಳ್ಮೆ ತೀರಾ ಅಗತ್ಯ.

ಹಾಗೆಂದು ಫೆಬ್ರವರಿಯ ಆಟ ಪೊಳ್ಳು ಎನ್ನಲಾಗದು. 2024ರ ಅಭ್ಯಾಸ ಪಂದ್ಯದಲ್ಲಿ ಸೇಂಟ್ ಕಿಲ್ಡಾದ ಜಿಮ್ಮಿ ವೆಬ್‌ಸ್ಟರ್, ನಾರ್ತ್ ಮೆಲ್ಬರ್ನ್ ನಾಯಕ ಜೈ ಸಿಂಪ್ಕಿನ್‌ಗೆ ಜೋರಾಗಿ ಡಿಕ್ಕಿ ಹೊಡೆದದ್ದಕ್ಕೆ 7 ಪಂದ್ಯಗಳ ನಿಷೇಧ ಅನುಭವಿಸಬೇಕಾಯಿತು. ಅಂಕಗಳು ಲೆಕ್ಕಕ್ಕಿಲ್ಲದಿದ್ದರೂ ಪೆಟ್ಟು ನಿಜ, ಶಿಕ್ಷೆಯೂ ನಿಜ.

ಈ ಕಾರಣಕ್ಕಾಗಿಯೇ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಮರಳಿದ ಆಟಗಾರರ ಬಗ್ಗೆ ನಾವು ಆಡುವ ಮಾತು ನನಗೆ ಬಹಳ ನೋವು ಕೊಡುತ್ತದೆ. ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿದವನು ಸುಮಾರು ಒಂದು ವರ್ಷ ಆಟದಿಂದ ದೂರವಿದ್ದು ಬಂದಿರುತ್ತಾನೆ. ಅವನು ಎಷ್ಟು ಗೋಲು ಹೊಡೆದ ಎಂದು ಕೇಳುವ ಬದಲು, ವೇಗವಾಗಿ ಓಡುತ್ತ ಪಕ್ಕಕ್ಕೆ ತಿರುಗುವಾಗ ಆ ಕಾಲನ್ನು ಅಳುಕಿಲ್ಲದೆ ಊರುತ್ತಾನೆಯೇ, ಮಾರ್ಕ್‌ಗೆ ನೆಗೆದು ಕೆಳಗಿಳಿಯುವಾಗ ಎರಡೂ ಕಾಲುಗಳ ಮೇಲೆ ಸಮನಾಗಿ ಇಳಿಯುತ್ತಾನೆಯೇ, ಗುಂಪಿನ ನಡುವೆ ಬಿದ್ದ ಚೆಂಡಿಗೆ ಮೊದಲಿನಂತೆ ತಲೆ ಬಗ್ಗಿಸಿ ಹೋಗುತ್ತಾನೆಯೇ ಎಂದು ನೋಡಬೇಕು. ಇವು ಮೂರೂ ಕಂಡರೆ ಅವನು ಇಡೀ ಪಂದ್ಯದಲ್ಲಿ ಐದೇ ಸಲ ಚೆಂಡು ಮುಟ್ಟಿದ್ದರೂ ನಾನು ನೆಮ್ಮದಿಯಿಂದ ಮನೆಗೆ ಹೋಗುತ್ತೇನೆ. ಎರಡನೆಯ ಕ್ವಾರ್ಟರ್ ಮುಗಿದೊಡನೆ ಅವನನ್ನು ಹೊರಗೆ ಕರೆದು ಬೆಂಚಿನ ಮೇಲೆ ಕೂರಿಸಿದರೆ, ಅದು ಹಿಂದಿನ ವಾರವೇ ನಿಗದಿಯಾಗಿದ್ದ ಸಮಯ ಇರಬಹುದು. ಅವನು ಮತ್ತೆ ಗಾಯಗೊಂಡ ಎಂದಾಗಲಿ, ಅವನ ಕಥೆ ಮುಗಿಯಿತು ಎಂದಾಗಲಿ ಬೇಲಿಯಾಚೆ ನಿಂತು ಕೂಗಬಾರದು. ಬೇಲಿ ಗಿಡ್ಡ, ಬೆಂಚು ಹತ್ತಿರ, ಅವನಿಗೆ ನಮ್ಮ ಪ್ರತಿ ಮಾತೂ ಕೇಳಿಸುತ್ತದೆ.